ಎರಡು ಏಟು, ಒಂದು ಕೂಗು

ಭಾವನ ಬೆನ್ನಿಗೆ ನಾನು ನಟ್ಟು ಬಿಚ್ಚುವ ಪಾನಾದಿಂದ ಬಾರಿಸಿದಾಗ ಬೆಳಿಗ್ಗೆ ಹತ್ತೂಮುಕ್ಕಾಲು. ಅವನು ಐದನೇ ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತು ಬಸ್ಸೊಂದರ ಆಕ್ಸಲ್ ಬಿಚ್ಚುತ್ತಿದ್ದ. ಹಿಂದಿನಿಂದ ಹೊಡೆಯುವುದು ಹೇಡಿಯ ಕೆಲಸ ಅಂತ ನನಗೂ ಗೊತ್ತು. ಆದರೆ ಎದುರಿಗೆ ಸುತ್ತಿ ಬರುವಷ್ಟು ಹೊತ್ತು ನನ್ನ ಸಿಟ್ಟು ಕಾಯುವುದಿಲ್ಲ. ಗುಜರಿಯಲ್ಲಿ ನನ್ನ ಹೆಸರೇ ಬೆಂಕಿಪೊಟ್ಟಣ. ಪ್ರೀತಿ ಬಂದವರು ಪೊಟ್ಣ ಅನ್ನುತ್ತಾರೆ.

“ಏಳೋ ಮೇಲೆ, ಕಳ್ಳ!”

ಅಕ್ಕನ ಮದುವೆಯಾಗಿ ಆರು ವರ್ಷ. ಅವತ್ತಿನವರೆಗೂ ನಾನು ಅವನನ್ನು ‘ಭಾವ, ಬನ್ನಿ, ಕೂತ್ಕೊಳ್ಳಿ’ ಬಿಟ್ಟು ಬೇರೆ ರೀತಿ ಮಾತಾಡಿಸಿದವನಲ್ಲ.

ಭಾವ ಎದ್ದ. ನನಗಿಂತ ಒಂದು ಗೇಣು ಎತ್ತರದ ಆಳು. ತಿರುಗಿಸಿ ಒಂದೇ ಒಂದು ಕೊಟ್ಟಿದ್ದರೆ ನಾನು ಆ ದಿನ ಮತ್ತೆ ಏಳುತ್ತಿರಲಿಲ್ಲ. ಕೊಡಲಿಲ್ಲ. ಅದು ನನಗೆ ಇನ್ನೂ ಉರಿಯಿತು. ಎರಡನೇ ಏಟು ಅವನ ಕಿವಿಯ ಮೇಲೆ ಬಿತ್ತು. ರಕ್ತ ಕುತ್ತಿಗೆಗಿಳಿದು ಅಂಗಿಯ ಕಾಲರಿನಲ್ಲಿ ನಿಂತಿತು.

“ಬೆಳಿಗ್ಗೆಯಿಂದ ಮೂರು ಸಲ ಸುಳ್ಳು ಏಟು! ಮೂರೂ ಸಲ ನಿನ್ನ ದನಿ! ಎಷ್ಟು ತಿಂದೆ ಆ ಕಂಪನಿಯವರ ಹತ್ರ?”

“ದನಿ ನಂದೇ,” ಅಂದ ಭಾವ. “ಕೂಗಿದ್ದು ನಾನಲ್ಲ.”

“ಮತ್ತೆ ನಿನ್ನ ಗಂಟಲೊಂದೇ ವಾಕಿಂಗ್ ಹೋಗಿತ್ತಾ?”

ಸುತ್ತ ಸೇರಿದವರು ನಕ್ಕರು. “ಪೊಟ್ಣ ಹತ್ಕೊಂಡ, ನೀರು ತನ್ನಿ ಯಾರಾದ್ರೂ,” ಅಂದ ಒಬ್ಬ. ನಗದೆ ನಿಂತವನು ವೆಲ್ಡರ್ ಒಬ್ಬನೇ. ಮೂರನೇ ಸುಳ್ಳು ಕೂಗಿಗೆ ಓಡಿ ಬರುವಾಗ ಅವನ ಮೊಣಕಾಲ ಕೆಳಗೆ ತಗಡು ಹೊಕ್ಕು, ಮೂಳೆ ಬೆಳ್ಳಗೆ ಕಾಣುತ್ತಿತ್ತು.

ಏಟು ಅಂದರೆ ಏನು ಅಂತ ಹೇಳದೆ ಮುಂದಿನದು ತಿಳಿಯುವುದಿಲ್ಲ. ನಮ್ಮದು ಊರಂಚಿನ ದೊಡ್ಡ ಗುಜರಿ. ಒಂಬತ್ತು ಸಾಲು. ಹಳೆಯ ಕಾರು, ಬಸ್ಸು, ಲಾರಿ ಒಂದು ಗೇಟಿನಲ್ಲಿ ಕುಂಟುತ್ತಾ ಒಳಗೆ ಬರುತ್ತವೆ, ಇನ್ನೊಂದು ಗೇಟಿನಲ್ಲಿ ಹಾಸಿಗೆಯ ಹಾಗೆ ಮಡಿಸಿದ ಕಬ್ಬಿಣವಾಗಿ ಹೊರಗೆ ಹೋಗುತ್ತವೆ. ನಡುವೆ ಇರುವವರು ನಾವು, ಬಿಚ್ಚುವವರು. ಒಂದು ಸಾಮಾನು ಕಳಚಿ ಕೈಗೆ ಬಂದ ಕೂಡಲೇ ಬಿಚ್ಚಿದವನು ಕಬ್ಬಿಣಕ್ಕೆ ಎರಡು ಏಟು ಹಾಕಬೇಕು, ಠಣ್, ಠಣ್. ಆಮೇಲೆ ಸಾಮಾನಿನ ಹೆಸರು, ಸಾಲಿನ ನಂಬರು ಕೂಗಬೇಕು. ಮೊದಲು ‘ತಗೊಂಡೆ’ ಅಂದವನಿಗೆ ಸಾಮಾನು. ಚೌಕಾಸಿ ಏನಿದ್ದರೂ ಆಮೇಲೆ. ನಾನು ಹುಟ್ಟುವ ಮೊದಲಿನಿಂದ ಇದೇ ಪದ್ಧತಿ. ಇಲ್ಲಿ ಯಾವ ಹೊತ್ತಿಗೂ ಯಾರಾದರೂ ಕಿರುಚುತ್ತಿರುತ್ತಾರೆ. ಬೆರಳು ಸಿಕ್ಕಿಕೊಂಡು ಕಿರುಚಿದರೂ ಯಾರೂ ತಿರುಗಿ ನೋಡುವುದಿಲ್ಲ. ಎರಡು ಏಟು ಕೇಳಿದರೆ ಮಾತ್ರ ಕೈಯಲ್ಲಿದ್ದ ಟೀ ಬಿಟ್ಟು ಓಡುತ್ತಾರೆ.

ಅದಕ್ಕೇ ಸುಳ್ಳು ಏಟಿಗೆ ಇಲ್ಲಿ ಕ್ಷಮೆ ಇಲ್ಲ. ಒಂದನೇ ಸಾಲಿನ ತುದಿಯಲ್ಲಿ ಲಾರಿಯ ಎಂಜಿನ್ ಬ್ಲಾಕ್ ಒಂದು ನೆಲಕ್ಕೆ ಹೂತು ನಿಂತಿದೆ. ಸಾಮಾನಿಲ್ಲದೆ ಕೂಗಿದವನು ಅದರ ಮೇಲೆ ಕೈ ಇಡಬೇಕು. ಹೊಡೆಯುವವನು ಮೇಸ್ತ್ರಿ. ಮೂವತ್ತು ವರ್ಷದಲ್ಲಿ ಮೂರು ಸಲ ಹೊಡೆದಿದ್ದಾನೆ. ಅವನ ಸ್ವಂತ ಎಡ ಹೆಬ್ಬೆರಳು ಚಮಚದ ಹಾಗೆ ಚಪ್ಪಟೆ. ಅದು ಅವನು ಚಿಕ್ಕವನಿದ್ದಾಗ ಹಿಂದಿನ ಮೇಸ್ತ್ರಿ ಕೊಟ್ಟದ್ದು.

ಈ ಕೂಗನ್ನೇ ಹಿಡಿದು ಅಕ್ಕ ಒಂದು ಹುಡುಕಾಟದ ಆ್ಯಪ್ ಮಾಡಿದಳು. ನಾನು ಏಳನೇ ಕ್ಲಾಸಿಗೆ ಸ್ಕೂಲಿಗೆ ಕೈಮುಗಿದವನು. ಅವಳು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂತು, ಗಿರಾಕಿ ಬಿಟ್ಟುಹೋದ ಒಡಕು ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಂ ಬರೆಯುವುದು ಕಲಿತವಳು. ಹಳೆಯ ಫೋನುಗಳನ್ನು ನೀರಿನ ಬಾಟಲಿಯೊಳಗೆ ಇಟ್ಟು ಏಳು ದೀಪದ ಕಂಬಗಳಿಗೆ ಕಟ್ಟಿದೆವು. ಎರಡು ಏಟು ಬಿದ್ದರೆ ಮೈಕ್ ಎಚ್ಚರವಾಗುತ್ತದೆ, ಕೂಗನ್ನು ಅಕ್ಷರ ಮಾಡುತ್ತದೆ, ಎರಡು ಸೆಕೆಂಡಿನಲ್ಲಿ ಊರಿನ ಸಾವಿರದ ನೂರು ಗ್ಯಾರೇಜುಗಳಿಗೆ ತೋರಿಸುತ್ತದೆ. ಯಾರಾದರೂ ‘ತಗೊಂಡೆ’ ಅನ್ನುವವರೆಗೆ ಸಾಮಾನು ಪಟ್ಟಿಯಲ್ಲಿರುತ್ತದೆ, ಅಂದ ಕ್ಷಣ ಅಳಿಸಿಹೋಗುತ್ತದೆ. ಬೇಕಾದ ಸಾಮಾನು ಮೊದಲೇ ಬರೆದಿಟ್ಟರೆ, ಅದು ಸಿಕ್ಕಾಗ ಫೋನು ತಾನೇ ಬೊಬ್ಬೆ ಹೊಡೆದು ಬೆಳಕು ಮಿನುಗಿಸುತ್ತದೆ. ಗಾಡಿ ಜಜ್ಜುವ ನಮ್ಮ ಪ್ರೆಸ್ಸಿನ ಆಪರೇಟರ್ ತನ್ನ ಹದಿನಾಲ್ಕು ಗಾಲಿಯ ಲಾರಿಗೆ ಒಂದು ಗೇರ್ ಬಾಕ್ಸ್ ಬೇಕು ಅಂತ ಬರೆದಿಟ್ಟು ಎಂಟು ತಿಂಗಳಿಂದ ಕಾಯುತ್ತಿದ್ದ. ಆ್ಯಪಿನ ಹೆಸರು ‘ಕೂಗು’. ಮೂರು ವರ್ಷದಲ್ಲಿ ಅದು ಒಂದು ಸಲವೂ ಇಲ್ಲದ್ದನ್ನು ಇದೆ ಅಂದಿರಲಿಲ್ಲ. ನಮ್ಮ ಬಂಡವಾಳ ಅದೊಂದೇ.

ಅಷ್ಟರಲ್ಲಿ ದೊಡ್ಡ ಕಂಪನಿ ಬಂತು. ಏನು ಹುಡುಕಬೇಕಾದರೂ ಜಗತ್ತೆಲ್ಲ ಹೋಗಿ ಕೇಳುವ ಕಂಪನಿ. ಇಡೀ ಗುಜರಿಗೆ ಪುಕ್ಕಟೆ ಕಂಬ, ಪುಕ್ಕಟೆ ಕ್ಯಾಮೆರಾ; ನೋಡಲಿ ಅಂತ ಕೆಲವನ್ನು ಆಗಲೇ ನೆಟ್ಟಿದ್ದರು. ಅರ್ಧ ಗಂಟೆಗೊಮ್ಮೆ ಫೋಟೋ ತೆಗೆದು, ಎಲ್ಲಿ ಯಾವ ಗಾಡಿಯಲ್ಲಿ ಏನಿದೆ ಅಂತ ಹೇಳುತ್ತದೆ. ಷರತ್ತು ಒಂದೇ: ಅವರ ಕಂಬವಿರುವ ಕಡೆ ಇನ್ನೊಬ್ಬರ ಮೈಕ್ ಇರಕೂಡದು. ಸಾಲುಗಳ ಮಾಲೀಕರು ಆ ದಿನ ಮಧ್ಯಾಹ್ನ ಎರಡಕ್ಕೆ ಕೂತು ಇಬ್ಬರಲ್ಲಿ ಒಬ್ಬರನ್ನು ಉಳಿಸಿಕೊಳ್ಳುವುದು ಅಂತ ತೀರ್ಮಾನವಾಗಿತ್ತು. ಅದೇ ದಿನ ಬೆಳಿಗ್ಗೆ ಕೂಗು ಮೂರು ಸುಳ್ಳು ಹೇಳಿತು, ನನ್ನ ಭಾವನ ಗಂಟಲಿನಿಂದ.

ನಾನು ಮೂರನೇ ಏಟಿಗೆ ಕೈ ಎತ್ತಿದಾಗ ಮೇಸ್ತ್ರಿ ಪಾನಾ ಹಿಡಿದುಕೊಂಡ.

“ಹೊಡೆಯೋದು ನನ್ನ ಕೆಲಸ ಮಗಾ. ನನ್ನ ಕೆಲಸಕ್ಕೆ ಯಾಕೆ ಕೈ ಹಾಕ್ತೀಯ? ಎರಡು ಗಂಟೆಗೆ ಎಲ್ಲರೂ ಬರ್ತಾರೆ. ಸುಳ್ಳು ಅವನದೇ ಆದ್ರೆ ಕೈ ಬ್ಲಾಕ್ ಮೇಲೆ. ಈಗ ನಡಿ.”

ಭಾವ ಕಿವಿಯನ್ನು ಅಂಗೈಯಿಂದ ಒತ್ತಿ ಹಿಡಿದು ಮತ್ತೆ ಆಕ್ಸಲ್ ಮುಂದೆ ಕೂತ. ನಾನು ಅವನ ಪಕ್ಕಕ್ಕೆ ಉಗಿದು ಹೊರಟೆ.

ನಮ್ಮ ಆಫೀಸು ಅಂದರೆ ತುಕ್ಕು ಹಿಡಿದ ಕಂಟೇನರ್. ಒಂದು ಫ್ಯಾನು, ಎರಡು ಕುರ್ಚಿ. ಒಂದು ಕುರ್ಚಿಯಲ್ಲಿ ಅಕ್ಕ ಕಿವಿಗೆ ಹೆಡ್‌ಫೋನ್ ಹಾಕಿ ಕೂತಿದ್ದಳು. ಇನ್ನೊಂದರಲ್ಲಿ ಕಂಪನಿಯವನು. ಅವನಿಗೆ ಗುಜರಿಯವರು ಇಟ್ಟ ಹೆಸರು ಇಸ್ತ್ರಿ. ಈ ದೂಳು, ಈ ಗ್ರೀಸಿನ ನಡುವೆಯೂ ಅವನ ಅಂಗಿಯಲ್ಲಿ ಒಂದು ಸುಕ್ಕು ಕಂಡವರಿಲ್ಲ.

“ನೀವಿಬ್ಬರೂ ಬುದ್ಧಿವಂತರು,” ಅನ್ನುತ್ತಿದ್ದ. “ಆದ್ರೆ ಮೇಡಂ, ನಿಮ್ಮದು ಏಳು ಬಾಟಲಿ. ನಮ್ಮದು ಏಳು ಸಾವಿರ ಊರು. ಎಷ್ಟು ದಿನ ಅಂತ ನಮ್ಮ ಜೊತೆ ಓಡ್ತೀರಿ?”

ಅಕ್ಕ ಹೆಡ್‌ಫೋನ್ ಒಂದು ಕಿವಿಯಿಂದ ಸರಿಸಿದಳು. “ನಾವು ಓಡಲ್ಲ ಸರ್. ಸಾಮಾನು ಕಳಚೋ ಜಾಗದಲ್ಲೇ ಇರ್ತೀವಿ. ಓಡಿ ಬರಬೇಕಾದವರು ನೀವು. ಅರ್ಧ ಗಂಟೆಗೊಂದು ಸಲ ಬರ್ತೀರಿ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲ ಫೋಟೋ ತೆಗೀತೀರಿ.”

“ಫೋಟೋ ಸತ್ತವರಿಗೂ ಇರುತ್ತೆ,” ಅಂದೆ ನಾನು ಬಾಗಿಲಿನಿಂದ.

ಇಸ್ತ್ರಿ ನನ್ನ ಕೈಯ ಪಾನಾ ನೋಡಿದ, ಅದರ ತುದಿಯ ರಕ್ತ ನೋಡಿದ. “ಹಳೇದಾದ್ರೂ ಫೋಟೋದಲ್ಲಿರೋದು ನಿಜ ಅಲ್ವಾ? ನಿಮ್ಮದು ಬೆಳಿಗ್ಗೆಯಿಂದ ಮೂರು ಸುಳ್ಳಂತೆ. ನಿಮ್ಮ ಮನೆಯವರೇ ಅಂತೆ. ಪಾಪ.”

ಆ ‘ಪಾಪ’ ನನ್ನ ಹೊಟ್ಟೆಯೊಳಗೆ ಇಳಿಯುವ ಮೊದಲೇ ಅವನ ಕಾಲರ್ ನನ್ನ ಮುಷ್ಟಿಯಲ್ಲಿತ್ತು. ಕಂಟೇನರ್ ಗೋಡೆಗೆ ಅವನ ತಲೆ ಗುದ್ದಿದ ಸದ್ದು ಡ್ರಮ್ಮಿನ ಹಾಗೆ ಮೊಳಗಿತು. ಗುಂಡಿಗಳು ಉದುರಿದವು. ಇನ್ನೊಮ್ಮೆ ಗುದ್ದಿಸಿದೆ.

“ಬಿಡೋ ಅವನನ್ನ!” ಅಕ್ಕ ಕೂಗಿದಳು. “ಬಾ ಇಲ್ಲಿ. ಇದನ್ನ ಕೇಳು.”

ಇಸ್ತ್ರಿ ಅಂಗಿ ಹಿಡಿದುಕೊಂಡು ಹೊರಗೆ ಹಾರಿದ. “ಎರಡು ಗಂಟೆಗೆ ನೋಡ್ಕೋತೀನಿ!” ಅಂದದ್ದು ಹೊರಗಿನಿಂದ ಕೇಳಿಸಿತು.

ಅಕ್ಕ ಮೂರು ಸುಳ್ಳು ಕೂಗುಗಳನ್ನು ಒಂದರ ಹಿಂದೆ ಒಂದು ಹಾಕಿದಳು. ಠಣ್, ಠಣ್. ‘ಡೈನಮೋ! ಐದನೇ ಸಾಲು!’ ಆಮೇಲೆ ಭಾವನ ಸಣ್ಣ ಕೆಮ್ಮು. ಇನ್ನೊಮ್ಮೆ: ಏಟು, ಡೈನಮೋ, ಕೆಮ್ಮು. ಮತ್ತೊಮ್ಮೆ.

“ಏನು ಕೇಳಿಸ್ತು?”

“ಭಾವ.”

“ಕೆಮ್ಮು ಕೇಳೋ ದಡ್ಡ. ಮೂರು ಸಲವೂ ಅದೇ ಕೆಮ್ಮು, ಅದೇ ಅಳತೆ, ಕೆಮ್ಮಿನ ಹಿಂದೆ ಅದೇ ಲಾರಿ ಹಾರ್ನು. ಮನುಷ್ಯ ಒಂದೇ ಥರ ಎರಡು ಸಲ ಕೆಮ್ಮಲ್ಲ. ಇದು ನಿನ್ನೆ ನಿನ್ನ ಭಾವ ನಿಜವಾದ ಡೈನಮೋ ಬಿಚ್ಚಿದಾಗ ಕೂಗಿದ್ದು. ಯಾರೋ ಹಿಡಿದಿಟ್ಟುಕೊಂಡು ಸ್ಪೀಕರ್‌ನಲ್ಲಿ ಹಾಕ್ತಿದ್ದಾರೆ.”

ಇಲ್ಲಿ ಮುಖ ಮರೆತರೂ ದನಿ ಮರೆಯುವುದಿಲ್ಲ ನಾವು. ಕತ್ತಲೆ ಗಾಡಿಯ ಹೊಟ್ಟೆಯೊಳಗಿನಿಂದ ಬಂದ ಕೂಗಿಗೆ ಹೆಸರು ಹೇಳುತ್ತೇವೆ. ದನಿ ಇದ್ದ ಮೇಲೆ ಅದರ ಹಿಂದೆ ಮನುಷ್ಯ ಇದ್ದೇ ಇರಬೇಕು ಅನ್ನುವುದರ ಮೇಲೆ ನಮ್ಮ ಬದುಕು ನಿಂತಿದೆ. ಆ ನಂಬಿಕೆಯನ್ನೇ ಯಾರೋ ಪೆಟ್ಟಿಗೆಯಲ್ಲಿ ತುಂಬಿದ್ದರು.

“ಅವರು ಎಲ್ಲಿ ಈಗ?” ಅಂದಳು ಅಕ್ಕ. ಆಮೇಲೆ ಪಾನಾದ ತುದಿ ಅವಳಿಗೂ ಕಂಡಿತು. “ಇದು ಯಾರ ರಕ್ತ?”

ಪಾನಾವನ್ನು ಬೆನ್ನ ಹಿಂದಕ್ಕೆ ಸರಿಸಿದೆ. ಅವಳ ಕೈ ನನ್ನ ಕೆನ್ನೆಗೆ ಬಿದ್ದ ರಭಸಕ್ಕೆ ಒಂದು ಹಲ್ಲು ಸಡಿಲವಾಯಿತು. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುತ್ತದೆಯೇ? ನಾನು ಓಡಿದೆ.

ಐದನೇ ಸಾಲಿನಲ್ಲಿ ಆಕ್ಸಲ್ ಅರ್ಧ ಕಳಚಿ ನೇತಾಡುತ್ತಿತ್ತು. ಬಿಚ್ಚುವವನು ಅರ್ಧಕ್ಕೆ ಬಿಟ್ಟು ಏಳುವುದಿಲ್ಲ, ಎದ್ದರೆ ಏನೋ ಆಗಿದೆ ಅಂತ. ಪಕ್ಕದ ಗಾಡಿಯ ಮೇಲೆ ವೆಲ್ಡರ್ ಕಾಲಿಗೆ ಬಟ್ಟೆ ಸುತ್ತುತ್ತಿದ್ದ.

“ನಿನ್ನ ಭಾವನಾ? ಗಾಡಿಗಳ ಕೆಳಗೆ ತಲೆ ಹಾಕಿ ಹಾಕಿ ನೋಡ್ತಾ ಹೋದ. ಏನು ಹುಡುಕ್ತೀಯಪ್ಪಾ ಅಂದೆ. ‘ನನ್ನ ದನಿ’ ಅಂದ. ತಲೆಗೆ ಜೋರಾಗೇ ಬಿದ್ದಿದೆ ಅಂದ್ಕೊಂಡೆ.”

“ಯಾವ ಕಡೆ?”

“ಪ್ರೆಸ್ ಕಡೆ.”

ಪ್ರೆಸ್ ಇರುವುದು ಒಂಬತ್ತನೇ ಸಾಲಿನ ಆಚೆ, ಹೊರಗೇಟಿನ ಹತ್ತಿರ. ಕ್ರೇನಿನ ಐದು ಬೆರಳಿನ ಕಬ್ಬಿಣದ ಕೈ ಸರದಿಯಲ್ಲಿ ನಿಂತ ಕಾರನ್ನು ಎತ್ತಿ ಗುಂಡಿಗೆ ಹಾಕುತ್ತದೆ, ಮೇಲಿನಿಂದ ಉಕ್ಕಿನ ಹಲಗೆ ಇಳಿಯುತ್ತದೆ, ಗಾಜು, ತಗಡು, ಸೀಟು ಎಲ್ಲ ಸೇರಿ ಒಂದು ಮೊಳದ ದಪ್ಪವಾಗುತ್ತದೆ. ಎರಡನ್ನೂ ನಡೆಸುವ ಆಪರೇಟರ್ ಎತ್ತರದ ಕ್ಯಾಬಿನ್ನಿನಲ್ಲಿ ಕಿವಿ ಮುಚ್ಚಿಕೊಂಡು ಕೂತಿರುತ್ತಾನೆ. ಹೀಗಾಗಿ ಅವನ ಹೆಸರು ಕಿವುಡ. ಗುಂಡಿಯಲ್ಲಿ ಆಗ ಒಂದು ಬಿಳಿ ಕಾರು ನರಳುತ್ತಿತ್ತು. ಸರದಿಯ ಮುಂದಿನದು ಕೆಂಪು.

ಕೆಂಪು ಕಾರಿನ ಸುತ್ತ ಕಂಪನಿಯ ಕಂಬ ನೆಡುವ ಮೂವರು ನಿಂತಿದ್ದರು. ಒಬ್ಬನ ಕೈಯಲ್ಲಿ ಗುಂಡಿ ತೋಡುವ ಹಾರೆ, ಇಬ್ಬರ ಕೈಯಲ್ಲಿ ಕಬ್ಬಿಣದ ಸರಳು. ನೆಲದ ಮೇಲೆ ಒಡೆದ ಸ್ಪೀಕರ್ ಪೆಟ್ಟಿಗೆ. ಅದರ ಪಕ್ಕ ರಕ್ತ, ಎಳೆದುಕೊಂಡು ಹೋದ ಗುರುತು. ಕಾರಿನ ಡಿಕ್ಕಿಯ ಸಂದಿಯಲ್ಲಿ ಒಂದು ಚರ್ಮದ ಕೈಗವಸಿನ ಬೆರಳುಗಳು ಹೊರಗೆ ಇಣುಕುತ್ತಿದ್ದವು. ಹೆಬ್ಬೆರಳಿಗೆ ಹಳದಿ ದಾರದ ಹೊಲಿಗೆ. ಹೋದ ತಿಂಗಳು ಅಕ್ಕ ಹೊಲಿದದ್ದು.

“ಯಾರನ್ನೋ ಒಳಗೆ ಹಾಕಿದೀರ?” ಅಂದೆ.

“ಇದು ಖಾಲಿ. ಹೋಗಯ್ಯಾ,” ಅಂದ ಹಾರೆಯವನು. ಅವನ ತುಟಿ ಬಿಳಿಚಿತ್ತು. ಅವರ ಕಣ್ಣು ನನ್ನ ಮೇಲಿರಲಿಲ್ಲ, ಕ್ರೇನಿನ ಮೇಲಿತ್ತು. ಹೊಡೆದಿದ್ದಾರೆ, ಬಿದ್ದಿದ್ದಾನೆ, ಸತ್ತ ಅಂತ ತಿಳಿದು ಹೆದರಿದ್ದಾರೆ. ಇನ್ನು ನಾಲ್ಕು ನಿಮಿಷ ಕಳೆದರೆ ಕಾರೂ ಇಲ್ಲ, ಮನುಷ್ಯನೂ ಇಲ್ಲ.

ನಾನು ನುಗ್ಗಿದೆ. ಮೊದಲನೆಯವನ ಮೊಣಕೈಗೆ ಪಾನಾ ಬಿತ್ತು. ಒಣ ಕಡ್ಡಿ ಮುರಿದ ಹಾಗೆ ಸದ್ದಾಯಿತು, ಅವನ ಸರಳು ಕೆಳಗೆ ಬಿತ್ತು. ಎರಡನೆಯವನ ಸರಳು ನನ್ನ ಪಕ್ಕೆಗೆ ಬಂತು. ಉಸಿರು ಹೊರಗೆ ಹೋದದ್ದು ಒಳಗೆ ಬರಲಿಲ್ಲ. ಬಾಗಿದ ನನ್ನ ಮುಖಕ್ಕೆ ಹಾರೆಯವನು ಮೊಣಕಾಲು ಕೊಟ್ಟ. ಅಕ್ಕ ಸಡಿಲ ಮಾಡಿದ ಹಲ್ಲು ಈಗ ಬಾಯೊಳಗೇ ಬಂತು. ಅವನ ಪಾದದ ಮೇಲೆ ಪಾನಾ ಇಳಿಸಿದೆ. ಕಿರುಚಿದ. ನಾನೂ ಕಿರುಚಿದೆ: “ಕಿವುಡಾ! ನಿಲ್ಸೋ! ಮನುಷ್ಯ ಇದಾನೆ! ಒಳಗೆ ಮನುಷ್ಯ ಇದಾನೆ!”

ಯಾರೂ ತಿರುಗಲಿಲ್ಲ. ಒಂಬತ್ತನೇ ಸಾಲಿನಲ್ಲಿ ಹತ್ತು ಜನ ಬಿಚ್ಚುತ್ತಿದ್ದರು, ಒಬ್ಬನ ತಲೆಯೂ ಏಳಲಿಲ್ಲ. ಹೇಳಿದೆನಲ್ಲ, ಕಿರುಚಾಟಕ್ಕೆ ಇಲ್ಲಿ ಬೆಲೆ ಇಲ್ಲ. ಮೇಲೆ ಕಬ್ಬಿಣದ ಕೈ ಬಿಳಿ ಕಾರನ್ನು ಬಿಟ್ಟು ಕೆಂಪಿನ ಕಡೆ ತಿರುಗಿತು. ಐದೂ ಬೆರಳು ಅಗಲವಾಗಿ ತೆರೆದವು.

ಕ್ಯಾಬಿನ್ನಿನ ಗಾಜಿಗೆ ಅಂಟಿಸಿದ ಫೋನು ಕೆಳಗಿನಿಂದ ಕಾಣುತ್ತಿತ್ತು. ಎಂಟು ತಿಂಗಳಿಂದ ಕತ್ತಲಾಗಿದ್ದ ಫೋನು.

ಗೊತ್ತಿತ್ತು ನನಗೆ. ತಿಳಿಯದೆ ಮಾಡಿದೆ ಅಂದರೆ ಅದು ಇನ್ನೊಂದು ಸುಳ್ಳು. ಎರಡು ಗಂಟೆಗೆ ಮಾಲೀಕರು ಬರುತ್ತಾರೆ; ಬೆಳಿಗ್ಗೆಯ ಮೂರನ್ನು ಪೆಟ್ಟಿಗೆಯ ಮೇಲೆ ಹಾಕಬಹುದು, ಈ ನಾಲ್ಕನೆಯದು ನನ್ನದು, ಕೂಗಿನ ಒಡೆಯನದು. ಹಾರೆಯವನು ನನ್ನ ಕೂದಲು ಹಿಡಿದು ಎಳೆಯುತ್ತಿದ್ದ. ನಾನು ಕೆಂಪು ಕಾರಿನ ಬಾನೆಟ್ಟಿನ ಮೇಲೆ ಬಿದ್ದು, ಎರಡೂ ಕೈಯಲ್ಲಿ ಪಾನಾ ಹಿಡಿದು ಹಾಕಿದೆ.

ಠಣ್. ಠಣ್.

“ಹದಿನಾಲ್ಕು ಗಾಲಿ! ಗೇರ್ ಬಾಕ್ಸ್! ಪ್ರೆಸ್ ಹತ್ರ!”

ಒಂದು. ಎರಡು.

ಕ್ಯಾಬಿನ್ನಿನ ಗಾಜು ಕೆಂಪಗೆ ಮಿನುಗಿತು. ಕಿವುಡ ಸೀಟಿನಿಂದ ಎದ್ದದ್ದು, ಎರಡೂ ಕೈ ಹಿಡಿಕೆ ಬಿಟ್ಟು ಫೋನಿಗೆ ಹಾರಿದ್ದು ಕಂಡಿತು. ಕಬ್ಬಿಣದ ಕೈ ಕೆಂಪು ಕಾರಿನ ತಲೆಯ ಮೇಲೆ ಒಂದು ಗೇಣು ಬಿಟ್ಟು ನಿಂತು ತೂಗಿತು. ಮುಂದಿನ ಗಳಿಗೆಯಲ್ಲಿ ಒಂಬತ್ತನೇ ಸಾಲು, ಎಂಟನೇ ಸಾಲು, ಏಳನೇ ಸಾಲು ಎಲ್ಲ ಎದ್ದು ಓಡಿ ಬಂದವು. ಕೈಯಲ್ಲಿ ಸುತ್ತಿಗೆ, ಪಾನಾ, ಉಳಿ. “ತಗೊಂಡೆ! ತಗೊಂಡೆ!” ಅಂತ ಐವತ್ತು ಗಂಟಲು.

“ಡಿಕ್ಕಿ ತೆಗೀರಿ!” ಅಂದೆ ನಾನು.

ಬಿಚ್ಚುವವರಿಗೆ ಡಿಕ್ಕಿ ತೆಗೆಯಲು ಎಷ್ಟು ಹೊತ್ತು? ಭಾವ ಮಡಿಸಿದ ಚೀಲದ ಹಾಗೆ ಬಿದ್ದಿದ್ದ. ತಲೆ ಸೀಳಿತ್ತು, ಒಂದು ಕಣ್ಣು ಊದಿ ಮುಚ್ಚಿತ್ತು. ಬೆನ್ನ ಮೇಲೆ ನನ್ನ ಪಾನಾದ ಗುರುತು ನೀಲಿಯಾಗಿ ಎದ್ದಿತ್ತು. ಉಸಿರಿತ್ತು.

ಆಮೇಲಿನದನ್ನು ಹೆಚ್ಚು ಹೇಳುವುದಿಲ್ಲ. ಕಂಬದ ಮೂವರೂ ಓಡಲು ನೋಡಿದರು. ಗುಜರಿಯಲ್ಲಿ ಐವತ್ತು ಜನರ ನಡುವಿನಿಂದ ಓಡುವುದು ಆಗದ ಮಾತು. ಏಟಿನ ಸದ್ದಿಗೆ ಲೆಕ್ಕವಿರಲಿಲ್ಲ. ನಾನೂ ಇದ್ದೆ ಅದರಲ್ಲಿ. ಹಾರೆಯವನ ಮುಖ ನನಗೆ ಮುಖದ ಹಾಗೆ ಕಾಣುವುದು ನಿಂತ ಮೇಲೂ ಹೊಡೆಯುತ್ತಿದ್ದೆ. ಮೇಸ್ತ್ರಿ ಹಿಂದಿನಿಂದ ನನ್ನ ಸೊಂಟ ಹಿಡಿದು ಎತ್ತಿ ಪಕ್ಕಕ್ಕೆ ಎಸೆದ.

“ಸಾಕು! ಸತ್ತರೆ ನೀನು ಒಳಗೆ ಹೋಗ್ತೀಯ, ಅವನಲ್ಲ. ಕಟ್ಟಿಹಾಕ್ರೋ ಮೂವರನ್ನೂ. ಪೊಲೀಸ್‌ಗೆ ಫೋನ್ ಮಾಡಿ, ಆಂಬುಲೆನ್ಸ್‌ಗೆ ಮೊದಲು ಮಾಡಿ.”

ಒಂದು ವ್ಯಾನಿನ ಬಾಗಿಲು ಕಿತ್ತು, ಅದರ ಮೇಲೆ ಭಾವನನ್ನು ಮಲಗಿಸಿ, ಆಂಬುಲೆನ್ಸ್ ಬರುವ ಒಂದನೇ ಸಾಲಿನ ಗೇಟಿಗೆ ಹೊತ್ತು ತಂದರು. ಅಕ್ಕ ಅವನ ತಲೆಗೆ ಬಟ್ಟೆ ಒತ್ತಿ ಹಿಡಿದು ಜೊತೆಗೇ ನಡೆದಳು. ನನ್ನ ಕಡೆ ನೋಡಲಿಲ್ಲ. ಗಲಾಟೆ ಕೇಳಿ ಮಾಲೀಕರೂ ಹೊತ್ತಿಗೆ ಮುಂಚೆಯೇ ಬಂದಿದ್ದರು. ಅವರೊಳಗೆ ನಾಲ್ಕು ಸಾಲಿನ ಒಡತಿ ಒಬ್ಬಳು, ಎಲ್ಲರೂ ಯಜಮಾನಿ ಅನ್ನುವವಳು. ಅವಳು ಹೂಂ ಅಂದದ್ದಕ್ಕೆ ಉಳಿದವರು ಊಹೂಂ ಅನ್ನುವುದಿಲ್ಲ. ಅವಳ ಪಕ್ಕದಲ್ಲಿ ಗುಂಡಿ ಇಲ್ಲದ ಅಂಗಿಯಲ್ಲಿ ಇಸ್ತ್ರಿ.

ಗುಂಪನ್ನು ಸೀಳಿಕೊಂಡು ಕಿವುಡ ಬಂದ. ಏದುಸಿರು. “ನಂದೆಲ್ಲಿ? ಗೇರ್ ಬಾಕ್ಸ್?”

ಸೇರಿದವರೆಲ್ಲ ನನ್ನ ಕಡೆ ತಿರುಗಿದರು.

“ಇಲ್ಲ ಕಣೋ,” ಅಂದೆ. “ಸುಳ್ಳು ಹೇಳಿದೆ.”

ಅವನು ಬಾಗಿಲ ಮೇಲೆ ಮಲಗಿದ್ದ ಭಾವನನ್ನು ನೋಡಿದ, ತನ್ನ ಎರಡೂ ಅಂಗೈ ನೋಡಿಕೊಂಡ. ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

“ಆ ಮೂವರು ಕಂಟ್ರಾಕ್ಟರ್ ಕಡೆಯವರು, ಕಂಪನಿಗೂ ಅವರಿಗೂ ಸಂಬಂಧ ಇಲ್ಲ,” ಅಂದ ಇಸ್ತ್ರಿ. ಆ ಮಾತು ಬಾಯಿಪಾಠವಾಗಿತ್ತು. “ಆದ್ರೆ ಯಜಮಾನಿ, ನೀವೇ ಕೇಳಿದ್ರಿ. ಇವರ ಆ್ಯಪ್ ಇವತ್ತು ನಾಲ್ಕನೇ ಸಲ ಸುಳ್ಳು ಹೇಳ್ತು. ಈ ಸಲ ಒಡೆಯನ ಬಾಯಿಂದಲೇ. ಇವತ್ತು ಭಾವನಿಗೋಸ್ಕರ. ನಾಳೆ ಇನ್ಯಾರಿಗೋ.”

“ಜೀವ ಉಳಿಸೋಕೆ ಹೇಳಿದ್ದು ಸುಳ್ಳಲ್ಲ!” ಅಂದ ವೆಲ್ಡರ್. “ಹೌದು, ಬಿಡಿ ಅವನನ್ನ,” ಅಂದರು ಹತ್ತು ಜನ. ಮೇಸ್ತ್ರಿಯೂ ತಲೆಯಾಡಿಸಿದ. “ಇದು ಲೆಕ್ಕಕ್ಕಿಲ್ಲ ಮಗಾ. ಮನೆಗೆ ಹೋಗು.”

ನನಗೆ ಉರಿಯಿತು. ಇಸ್ತ್ರಿಯ ಮೇಲಲ್ಲ, ಅವನು ಹೇಳಿದ್ದು ಸರಿ ಇದ್ದದ್ದಕ್ಕೆ. ಆನೆಯಂಥ ಕಂಪನಿಗೆ ಏಳು ಸಾವಿರ ಊರಿದೆ, ಒಂದು ಸುಳ್ಳು ಅದಕ್ಕೆ ಸೊಳ್ಳೆ ಕಡಿದ ಹಾಗೆ. ನಮಗೆ ಏಳು ಬಾಟಲಿ. ಅವುಗಳ ಹಿಂದೆ ಇರುವುದು ಏನು? ಅಕ್ಕನ ಪ್ರೋಗ್ರಾಂ ಅಲ್ಲ. ಈ ಬ್ಲಾಕು. ಸಾಮಾನಿಲ್ಲದೆ ಕೂಗಿದರೆ ಕೈ ಹೋಗುತ್ತದೆ ಅಂತ ಒಂಬತ್ತು ಸಾಲಿಗೂ ಗೊತ್ತು. ಊರಾಚೆಯ ಗ್ಯಾರೇಜಿನವನು ಕಣ್ಣಲ್ಲಿ ನೋಡದೆ ‘ತಗೊಂಡೆ’ ಅನ್ನುವುದು ಅದಕ್ಕೇ. ಇವತ್ತು ನನ್ನನ್ನು ಬಿಟ್ಟರೆ ನಾಳೆ ಪ್ರತಿಯೊಬ್ಬನಿಗೂ ಒಬ್ಬ ಭಾವ ಇರುತ್ತಾನೆ.

ನಾನು ಹೋಗಿ ಎಡಗೈಯನ್ನು ಬ್ಲಾಕಿನ ಮೇಲೆ ಇಟ್ಟೆ.

“ಹೊಡಿ ಮೇಸ್ತ್ರಿ.”

“ತಲೆ ಕೆಟ್ಟಿದೆಯಾ ನಿನಗೆ?”

“ಬೆಳಿಗ್ಗೆ ಏನಂದೆ? ಹೊಡೆಯೋದು ನಿನ್ನ ಕೆಲಸ. ಮಾಡು. ನೀನು ಹೊಡೆಯಲ್ಲ ಅಂದ್ರೆ ಪಾನಾ ನನ್ನ ಹತ್ರ ಇದೆ.”

ಮೇಸ್ತ್ರಿ ಯಜಮಾನಿಯ ಮುಖ ನೋಡಿದ. ಅವಳು ಬ್ಲಾಕನ್ನೇ ನೋಡುತ್ತಿದ್ದಳು. ಅಕ್ಕನನ್ನು ನೋಡಿದ. ಅಕ್ಕ ಭಾವನ ತಲೆ ಒತ್ತಿ ಹಿಡಿದೇ ಕಣ್ಣು ಮುಚ್ಚಿಕೊಂಡಳು. ಆಮೇಲೆ ಮುದುಕ ತನ್ನ ಚಪ್ಪಟೆ ಹೆಬ್ಬೆರಳನ್ನು ಒಮ್ಮೆ ಸವರಿಕೊಂಡು ಸುತ್ತಿಗೆ ಎತ್ತಿದ.

ಮೊದಲ ಏಟು ನನ್ನ ಹೆಬ್ಬೆರಳಿನ ಮೇಲೆ. ಕಣ್ಣೊಳಗೆ ಬಿಳಿ ಬೆಳಕು ಹೊತ್ತಿಕೊಂಡಿತು, ಬಿದ್ದ ಏಟಿಗೆ ಬೆರಳು ಒಡೆದು ಉಗುರು ಎಲ್ಲೋ ಹಾರಿತು. ಮೂಳೆಯ ಕೆಳಗಿನ ಕಬ್ಬಿಣವೂ ಠಣ್ ಅಂದಿತು. ಎರಡನೆಯದನ್ನು ಅವನು ಬರಿಯ ಬ್ಲಾಕಿಗೆ ಹಾಕಿದ. ಅದು ಹಿಂದಿನ ಮೇಸ್ತ್ರಿಯಿಂದ ಬಂದ ಕ್ರಮ. ಬಿಚ್ಚಿದ್ದು ಏನೇ ಇರಲಿ, ಎರಡು ಏಟು, ಒಂದು ಕೂಗು.

“ಹೆಬ್ಬೆರಳು!” ಮೇಸ್ತ್ರಿ ಕೂಗಿದ. ಮುದುಕನ ದನಿ ಒಡೆಯಿತು. “ಎಡಗೈದು! ಒಂದನೇ ಸಾಲು!”

ಕಂಬದ ಮೇಲಿನ ಬಾಟಲಿ ಕೇಳಿಸಿಕೊಂಡಿತು.

ಗುಂಪಿನಲ್ಲಿ ಒಂದು ಫೋನು ಟಿಣ್ ಅಂದಿತು. ಇನ್ನೊಂದು. ಐವತ್ತು ಫೋನು. ಯಜಮಾನಿ ತನ್ನದನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದಳು. ಊರಿನ ಸಾವಿರದ ನೂರು ಗ್ಯಾರೇಜುಗಳಲ್ಲಿ, ಗಾಡಿಯ ಕೆಳಗೆ ಮಲಗಿದವರು, ಎಣ್ಣೆಯ ಕೈ ಒರೆಸಿಕೊಳ್ಳುತ್ತಿದ್ದವರು, ಗೇರ್ ಬಾಕ್ಸ್ ಅಂತ ನಂಬಿ ಗಾಡಿ ಹತ್ತಿದ್ದವರು, ಎಲ್ಲರೂ ಅದನ್ನೇ ಓದುತ್ತಿದ್ದಿರಬೇಕು. ಹೆಬ್ಬೆರಳು, ಎಡಗೈ, ಒಂದನೇ ಸಾಲು. ಅದು ಯಾತರ ಬೆಲೆ ಅಂತ ಈ ಕಸುಬಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಯಜಮಾನಿ ಇಸ್ತ್ರಿಯ ಕಡೆ ಕೈ ಚಾಚಿದಳು. “ನಿಮ್ಮದು ಕೊಡಿ ಇಲ್ಲಿ.”

ಅವನು ಟ್ಯಾಬ್ ಕೊಟ್ಟ. ಅವಳು ಅದನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದಳು. 11:30ರ ಚಿತ್ರ. ಚೊಕ್ಕವಾಗಿ, ಬಣ್ಣ ಬಣ್ಣವಾಗಿ ಇತ್ತು. ಸರದಿಯಲ್ಲಿ ಕೆಂಪು ಕಾರು, ಡಿಕ್ಕಿ ಮುಚ್ಚಿದೆ. ಕೆಳಗೆ ಬರೆದಿತ್ತು: ಬಾನೆಟ್ ಒಂದು, ಬಂಪರ್ ಎರಡು, ಸುಸ್ಥಿತಿ.

“ಇದರಲ್ಲಿ ಅವನು ಇನ್ನೂ ಡಿಕ್ಕಿಯಲ್ಲೇ ಇದ್ದಾನೆ,” ಅಂದಳು.

ಇಸ್ತ್ರಿ ಬಾಯಿ ತೆರೆದ. “ಮುಂದಿನ ಅಪ್‌ಡೇಟ್ ಇನ್ನು ಐದು ನಿಮಿಷಕ್ಕೆ...”

“ನಿಮ್ಮ ಕಂಬ ಬಿಚ್ಚಿಸಿ,” ಅಂದಳು ಯಜಮಾನಿ. “ನೀವು ಬಿಚ್ಚದಿದ್ರೆ ಇವರು ಬಿಚ್ತಾರೆ. ಬಿಚ್ಚಿದ ಮೇಲೆ ಏನು ಮಾಡ್ತಾರೆ ಅಂತ ನೋಡಿದ್ರಲ್ಲ.”

ನಾನು ಬ್ಲಾಕಿನ ಪಕ್ಕ ಕುಸಿದು ಕೂತೆ. ಗೆದ್ದೆ ಅನ್ನಿಸಲಿಲ್ಲ. ಕೈ ಮೊಣಕೈವರೆಗೆ ಬೆಂಕಿ. ಎದುರಿಗೆ ಒಂದು ಮಾರು ದೂರದಲ್ಲಿ, ವ್ಯಾನಿನ ಬಾಗಿಲ ಮೇಲೆ ಭಾವ. ಅವನ ಊದದ ಒಂದು ಕಣ್ಣು ತೆರೆದಿತ್ತು. ನನ್ನನ್ನೇ ನೋಡುತ್ತಿತ್ತು. ದೂರದಲ್ಲಿ ಆಂಬುಲೆನ್ಸಿನ ಸದ್ದು.

“ಭಾವ,” ಅಂದೆ. “ಬೆಳಿಗ್ಗೆ... ನಿಮ್ಮನ್ನ ನಾನು...”

ಮುಂದಿನ ಮಾತು ಬಾಯಲ್ಲಿದ್ದ ರಕ್ತಕ್ಕೆ ಸಿಕ್ಕಿಕೊಂಡಿತು. ಅವನು ಕೈಗವಸಿನ ಕೈ ಸ್ವಲ್ಪ ಎತ್ತಿದ. ಅಕ್ಕ ಬಾಗಿದಳು, ಏನೋ ಬೇಕಂತ ತಿಳಿದು. ಅವನು ಅವಳಿಗೆ ಹೇಳಲಿಲ್ಲ. ಕಂಬದ ಮೇಲಿನ ಬಾಟಲಿಗೆ ಕೇಳಿಸುವಷ್ಟು ಗಂಟಲು ಎತ್ತಿ, ಎಲ್ಲರೂ ಬೆಳಿಗ್ಗೆ ಮೂರು ಸಲ ಕೇಳಿದ್ದ ಅದೇ ದನಿಯಲ್ಲಿ ಅಂದ:

“ತಗೊಂಡೆ.”

ಐವತ್ತು ಫೋನುಗಳಲ್ಲಿ ನನ್ನ ಬೆರಳು ಅಳಿಸಿಹೋಯಿತು.

ಆಮೇಲೆ ಭಾವ ಕೆಮ್ಮಿದ. ಬೇರೆಯೇ ಕೆಮ್ಮು.